ಗೌಹರಳ ಹೆಸರಿನಲ್ಲಿ ಬಂದ ಮೆಸೇಜು

ಶಹಾಪುರ
18 ನವೆಂಬರ್ 2024

ಮೌನಮ್ಮನಿಗೆ,

ಗೌಹರಬೇಗಂ ಬರೆಯುತ್ತಿದ್ದೇನೆ. ಒಂಬತ್ತು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಕಾಗದ ಹರಿಯುವ ಮೊದಲು ಪೂರ್ತಿ ಓದು. ಆಮೇಲೆ ಹರಿ, ಬೇಡ ಅನ್ನುವುದಿಲ್ಲ.

ನಾನು ಆರಾಮಾಗಿದ್ದೇನೆ. ಯಾವ ದವಾಖಾನೆಯಲ್ಲೂ ಇಲ್ಲ, ಇರಲೂ ಇಲ್ಲ. ನನಗೆ ಯಾವ ಆಪರೇಷನ್ನೂ ಆಗಿಲ್ಲ. ನಿನಗೆ ಬಂದ ಮೆಸೇಜು ನಾನು ಕಳಿಸಿದ್ದಲ್ಲ.

ನಿನ್ನೆ ನಮ್ಮ ಮನೆಯವರ, ಕರೀಮರ, ಫೋನಿಗೆ ನಿನ್ನ ಮಗಳು ನಾಗಲಕ್ಷ್ಮಿ ಫೋನ್ ಮಾಡಿದ್ದಳು. "ಗೌಹರ ಖಾಲಾಗ ಹ್ಯಾಂಗ ಅದ್ರಿ ಈಗ? ಅವ್ವ ಕೇಳಂದಿಲ್ಲ, ನಾನ ಕೇಳಾಕತ್ತೀನಿ. ಯಾವ ದವಾಖಾನಿ ಅಂತ ಹೇಳ್ರಿ, ಬಂದು ನೋಡ್ತೀನಿ" ಅಂದಳು. ಅವರು ಏನು ಹೇಳಬೇಕೋ ತಿಳಿಯದೆ ಫೋನನ್ನು ನನ್ನ ಕೈಗೆ ಕೊಟ್ಟರು. ನನ್ನ ದನಿ ಕೇಳಿದ ಕೂಡಲೇ ಆ ಹುಡುಗಿ ಅತ್ತಳು. ಆಮೇಲೆ ಎಲ್ಲ ಹೇಳಿದಳು. ನೀನು ಹೊಸ ಓವರ್‌ಲಾಕ್ ಹೊಲಿಗೆ ಮಷಿನ್ನಿಗೆಂದು ಕೂಡಿಸಿಟ್ಟ ಮೂವತ್ತು ಸಾವಿರವನ್ನು ಒಂದೇ ಏಟಿಗೆ ಹಾಕಿಬಿಟ್ಟೆಯಂತೆ.

ಆದದ್ದು ಇಷ್ಟು. ಹೋದ ವಾರ ಒಬ್ಬ ಗಿರಾಕಿಯ ನಂಬರಿನಿಂದ ನನಗೆ ಮದುವೆ ಕಾರ್ಡು ಬಂತು. ಇದು ಮದುವೆ ಕಾಲ, ನನ್ನ ಹತ್ತಿರ ಜಂಪರ್ ಹೊಲಿಸಿಕೊಂಡವರು ಕಾರ್ಡು ಕಳಿಸುತ್ತಲೇ ಇರುತ್ತಾರೆ. ನೋಡೋಣವೆಂದು ಒತ್ತಿದೆ. ಕಾರ್ಡು ತೆರೆಯಲಿಲ್ಲ, ಬೇರೆ ಏನೋ ಫೋನಿನೊಳಗೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ನನ್ನ ವಾಟ್ಸಾಪು ನನ್ನ ಕೈಯಲ್ಲಿರಲಿಲ್ಲ. ಕಳ್ಳರು ನನ್ನ ಫೋಟೋ, ನನ್ನ ಹೆಸರು ಇಟ್ಟುಕೊಂಡೇ ನನಗೆ ಗೊತ್ತಿದ್ದವರಿಗೆಲ್ಲ ಬರೆದರು: ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು, ಮಾತನಾಡಲು ಆಗುವುದಿಲ್ಲ.

ಕಲಬುರಗಿಯಲ್ಲಿರುವ ನನ್ನ ತಂಗಿ ಸಾಬೇರಾ ಮೊದಲು ಕರೀಮರಿಗೆ ಫೋನ್ ಮಾಡಿದಳು. ಬಟ್ಟೆ ಅಂಗಡಿಯ ಸೇಠರು ತಾವೇ ಬಂದು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲರೂ ಕೇಳಿದರು, ಕೇಳುವುದೇ ಸರಿ. ಕೇಳದೆ ಹಾಕಿದವಳು ನೀನೊಬ್ಬಳೇ.

ಮೋಸ ನನ್ನ ಹೆಸರಿನಲ್ಲಿ ಆಗಿದೆ, ತುಂಬಿಕೊಡುವುದು ನನ್ನ ಕೆಲಸ. ಬರುವ ವಾರ ಕರೀಮರ ಕೈಯಲ್ಲಿ ಕಳಿಸುತ್ತೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ಹೆಸರು ಹೊತ್ತು ಫೋನಿನಲ್ಲಿ ಬರುವುದನ್ನು ಇನ್ನು ನೀನು ನಂಬಬಾರದು. ಕೈಬರಹವನ್ನು ಯಾರೂ ಕದಿಯಲಾರರು ಅಂದುಕೊಂಡು ಬರೆದೆ.

ಗೌಹರಬೇಗಂ

*

ರಂಗಂಪೇಟೆ, ಸುರಪುರ
25 ನವೆಂಬರ್ 2024

ಶ್ರೀಮತಿ ಗೌಹರಬೇಗಂ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ನೀವು ಆರಾಮಾಗಿರುವುದು ತಿಳಿದು ಸಂತೋಷವಾಯಿತು.

ಹಣ ಕಳಿಸುವುದು ಬೇಡ. ನಾನು ಕೊಟ್ಟದ್ದು ದವಾಖಾನೆಯಲ್ಲಿದ್ದವರಿಗೆ. ನೀವು ದವಾಖಾನೆಯಲ್ಲಿ ಇರಲಿಲ್ಲ ಅಂದ ಮೇಲೆ ನಾನು ನಿಮಗೆ ಕೊಟ್ಟಂತಾಗಲಿಲ್ಲ. ನಿಮಗೆ ಕೊಡದೇ ಇದ್ದದ್ದನ್ನು ನಿಮ್ಮಿಂದ ಹೇಗೆ ವಾಪಸ್ ಪಡೆಯಲಿ? ನೀವೇ ಹೇಳಿ.

ದುಡ್ಡು ಹಾಕುವಾಗ ಬೇರೆ ಯಾರದೋ ಹೆಸರು ಬಂದಿತ್ತು. ದವಾಖಾನೆಯವರದು ಇರಬೇಕೆಂದು ತಿಳಿದೆ. ಅದು ನನ್ನ ಕಣ್ತಪ್ಪು, ಅದರಲ್ಲಿ ನಿಮ್ಮ ಪಾಲಿಲ್ಲ.

ನಾಗಲಕ್ಷ್ಮಿ ನಿಮಗೆ ಫೋನ್ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಅವಳಿಗೆ ಹೇಳಬೇಕಾದದ್ದನ್ನು ಹೇಳಿದ್ದೇನೆ.

ಒಂದು ಮಾತು. ಕಳ್ಳರು ಫೋನಿನಲ್ಲಿ ಬರೆದಿಟ್ಟುಕೊಂಡ ಹೆಸರುಗಳಿಗೆ ಮಾತ್ರ ಹೀಗೆ ಕಳಿಸುತ್ತಾರೆಂದು ಅವಳು ಹೇಳಿದಳು. ಹಾಗಾದರೆ ನನ್ನ ಹೆಸರು ಅದರಲ್ಲಿ ಇನ್ನೂ ಇತ್ತೇ? ಉತ್ತರ ಬರೆಯಲೇಬೇಕೆಂದಿಲ್ಲ.

ಇಂತಿ,
ಮೌನಮ್ಮ, ಟೇಲರ್

*

ಶಹಾಪುರ
4 ಡಿಸೆಂಬರ್ 2024

ಮೌನಮ್ಮ,

ನನ್ನನ್ನು "ನೀವು" ಅಂತ ಬರೆದಿದ್ದೀಯ. ಓದಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ನಿನ್ನ ಹೆಸರು ಇತ್ತು. "ಮೌನಾ" ಅಂತಲೇ ಇತ್ತು. ಈ ನಡುವೆ ಎರಡು ಸಲ ಫೋನ್ ಬದಲಾಯಿತು, ಎರಡು ಸಲವೂ ಹಳೆಯ ಹೆಸರುಗಳನ್ನೆಲ್ಲ ಹೊಸದರೊಳಗೆ ಹಾಕಿಸುವಾಗ ಅಂಗಡಿಯವನು ಕೇಳಿದ, ಬೇಡವಾದದ್ದು ಏನಾದರೂ ಇದೆಯಾ ಅಂತ. ಇಲ್ಲ ಅಂದೆ. ನನ್ನ ಹೆಸರೂ ನಿನ್ನ ಫೋನಿನಲ್ಲಿ ಇದ್ದಿರಬೇಕಲ್ಲ, ಇಲ್ಲದಿದ್ದರೆ ಆ ಮೆಸೇಜು ನನ್ನದೆಂದು ಹೇಗೆ ಗೊತ್ತಾಗುತ್ತಿತ್ತು? ಇಬ್ಬರಲ್ಲಿ ಒಬ್ಬಳಾದರೂ ಅಳಿಸಿದ್ದರೆ ನಿನ್ನ ದುಡ್ಡು ಉಳಿಯುತ್ತಿತ್ತು.

ಕರೀಮರು ದುಡ್ಡು ತಂದರೆ ಅವರಿಗೆ ಚಹಾ ಕುಡಿಸಿ, ಜೋಳದ ರೊಟ್ಟಿ, ಶೇಂಗಾದ ಚಟ್ನಿ ಕಟ್ಟಿಕೊಟ್ಟು ಕಳಿಸಿದ್ದೀಯ. "ಹಟಾ ಮಾಡದೇ ಇಸ್ಗೊಂಡ್ಲು" ಅಂತ ಅವರು ಖುಷಿಯಿಂದ ಮನೆಗೆ ಬಂದರು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ದುಡ್ಡು ರೊಟ್ಟಿಗಳ ನಡುವೆ ಕುಳಿತಿತ್ತು. ಇದನ್ನು ನಾನು ಏನೆಂದು ತಿಳಿಯಬೇಕು?

ಇರಲಿ, ಈಗ ಮುಖ್ಯವಾದ ಮಾತು. ನನ್ನ ವಾಟ್ಸಾಪು ಹೋದ ಮರುದಿನವೇ ನಾನು ಇಲ್ಲಿಯ ಠಾಣೆಯಲ್ಲಿ ಬರೆಸಿದ್ದೇನೆ. ಆದರೆ ದುಡ್ಡು ಹೋದದ್ದು ನಿನ್ನದು, ಅದರ ದೂರು ನೀನೇ ಕೊಡಬೇಕಂತೆ. 1930 ಅನ್ನುವ ನಂಬರಿಗೆ ಫೋನ್ ಮಾಡಿದರೆ ಕಳ್ಳರ ಖಾತೆಯಲ್ಲಿ ಉಳಿದದ್ದನ್ನು ಅಲ್ಲೇ ತಡೆದು ಹಿಡಿಯುತ್ತಾರಂತೆ. ಹೋದ ಕೂಡಲೇ ಮಾಡಬೇಕಿತ್ತು. ಈಗಲಾದರೂ ಮಾಡು. "ಅವ್ವ ದೂರು ಬ್ಯಾಡಂದ್ರ ಬ್ಯಾಡ ಅಂತಾಳ್ರಿ, ಯಾಕಂತ ಹೇಳವಲ್ಲಳು" ಅನ್ನುತ್ತಾಳೆ ನಾಗಲಕ್ಷ್ಮಿ. (ಅವಳನ್ನು ಬೈಯಬೇಡ, ಈ ಸಲ ನಾನೇ ಫೋನ್ ಮಾಡಿದ್ದೆ.)

ಯಾಕೆ ಬೇಡ?

ಗೌಹರ

*

ರಂಗಂಪೇಟೆ, ಸುರಪುರ
15 ಡಿಸೆಂಬರ್ 2024

ಗೌಹರಬೇಗಂ,

ಯಾಕೆಂದು ಕೇಳಿದ್ದೀಯ, ಹೇಳುತ್ತೇನೆ.

ದೂರು ಕೊಡಲು ಹೋದರೆ ಅವರು ಮೊದಲು ಕೇಳುವುದು ಯಾರ ನಂಬರಿನಿಂದ ಮೆಸೇಜು ಬಂತು ಅಂತ. ಅಲ್ಲಿ ನಾನು ನಿನ್ನ ಹೆಸರು ಹೇಳಬೇಕು. ಅದನ್ನು ಅವರು ಬರೆದುಕೊಳ್ಳುತ್ತಾರೆ. ಮೂವತ್ತು ಸಾವಿರಕ್ಕಾಗಿ ನಿನ್ನ ಹೆಸರನ್ನು ಠಾಣೆಯ ಕಾಗದದಲ್ಲಿ ನಾನು ಬರೆಸುವುದಿಲ್ಲ.

ಸುದ್ದಿ ಓಣಿಯಲ್ಲಿ ಹಬ್ಬಿದೆ. ಎದುರಿನ ಬಳೆ ಅಂಗಡಿಯವನು ಹೆಂಡತಿಯ ಜಂಪರ್ ಇಸಿದುಕೊಳ್ಳಲು ಬಂದವನು ಅಲ್ಲೇ ನಿಂತು, "ಮೌನಮ್ಮಕ್ಕ, ಅವರನ್ನ ನಂಬಿದ್ದ ನಿಮ್ಮ ತಪ್ಪು ನೋಡ್ರಿ" ಅಂದ.

"ಅವರಂದ್ರ ಯಾರು?" ಅಂದೆ.

"ಏ, ನಿಮಗ ಗೊತ್ತಿಲ್ಲೇನ್ರಿ?"

"ನನಗ ಗೊತ್ತಿಲ್ಲ. ನೀನ ಹೇಳು. ಹೆಸರು ಹಿಡದು ಹೇಳು."

ಅವನು, ಜಂಪರ್ ಆತೇನು ಅಂತ ಮಾತು ತಿರುಗಿಸಿದ. ಬಟ್ಟೆಯನ್ನು ಇನ್ನೂ ಕತ್ತರಿಸಿರಲಿಲ್ಲ. ಹಾಗೇ ಮಡಚಿ ಅವನ ಕೈಗೆ ಕೊಟ್ಟೆ, ಬೇರೆ ಎಲ್ಲಾದರೂ ಹೊಲಿಸಿಕೋ ಅಂದೆ. ಊರಿನವರೆಲ್ಲ ಹಾಗಿಲ್ಲ, ನಿನಗೂ ಗೊತ್ತು. ಹಾಲಿನ ಮುದುಕಿ ನಿನ್ನ ಆರೋಗ್ಯ ದಿನಾ ಕೇಳುತ್ತಾಳೆ. ಆದರೆ ಬಾಯಿಮಾತು ಗಾಳಿಗೆ ಹೋಗುತ್ತದೆ, ಠಾಣೆಯಲ್ಲಿ ಬರೆದದ್ದು ಉಳಿಯುತ್ತದೆ.

ನಮ್ಮ ಮನೆಯವರು ಬೈಯಲಿಲ್ಲ. ಟೆಂಪೋ ಒರೆಸುತ್ತ, "ಮಷಿನ್ ಮುಂದಿನ ವರ್ಷ ತಗೊಂಡ್ರಾತು" ಅಂದರು, ಅಷ್ಟೇ. ನಿನ್ನ ಭೀಮು ಅಣ್ಣ ಮೊದಲಿನಿಂದಲೂ ಹಾಗೇ.

ಇನ್ನೊಂದು ಮಾತು. ಒಂಬತ್ತು ವರ್ಷದ ಹಿಂದೆ ಶಾಲೆಯ ಯೂನಿಫಾರಂ ಹೊಲಿಯುವ ಹೊತ್ತಿಗೆ ನೀನು ನಮ್ಮಿಬ್ಬರ ಅಂಗಡಿಯಲ್ಲಿ ನನ್ನೊಬ್ಬಳನ್ನೇ ಬಿಟ್ಟು ಮಷಿನ್ ಹೊತ್ತುಕೊಂಡು ಶಹಾಪುರಕ್ಕೆ ಹೋದದ್ದನ್ನು ನಾನು ಮರೆತಿಲ್ಲ. ಅದು ಬೇರೆ, ಇದು ಬೇರೆ. ಎರಡನ್ನೂ ಕೂಡಿಸಬೇಡ.

ಮೌನಮ್ಮ

*

ಶಹಾಪುರ
20 ಡಿಸೆಂಬರ್ 2024

ಮೌನಮ್ಮ,

ನನ್ನ ಹೆಸರನ್ನು ಕಾಯಲು ನಿನಗೆ ಯಾರು ಹೇಳಿದರು?

ಇಲ್ಲಿ ನನ್ನ ಗಿರಾಕಿಗಳಿಗೂ ಆ ಮೆಸೇಜು ಹೋಗಿತ್ತು. ಕೆಲವರು ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸಿದರು. ಹತ್ತಿ ಲಾರಿಗಳ ಕಾಲ, ಜಿನ್ನಿಂಗ್ ಮಿಲ್ಲಿನಲ್ಲಿ ಕರೀಮರಿಗೆ ಉಸಿರಾಡಲು ಬಿಡುವಿಲ್ಲ, ಆದರೂ ಅಲ್ಲಿಗೂ ಬಂದು ಕೇಳಿದರಂತೆ. "ನಂಬರ್ ಬದ್ಲಿ ಮಾಡಿಬಿಡು" ಅಂದರು ಅವರು. ನಾನು ಮಾಡಲಿಲ್ಲ. ನಂಬರು ನನ್ನದು, ಕಳ್ಳ ಬಿಟ್ಟು ಹೋಗಬೇಕು, ನಾನ್ಯಾಕೆ ಬಿಡಲಿ? ವಾಟ್ಸಾಪು ವಾಪಸ್ ಕೈಗೆ ಬಂದ ಮೇಲೆ ಸಂಜೆ ಸಂಜೆ ಅಂಗಡಿ ಮುಚ್ಚಿ ಒಬ್ಬೊಬ್ಬರ ಮನೆಗೂ ಹೋದೆ. "ಅದು ನಾನಲ್ಲ. ನಾನು ಇಲ್ಲಿ ನಿಂತೀನಿ ನೋಡ್ರಿ" ಅಂದೆ. ಬಾಗಿಲು ತೆರೆದವರು ಚಹಾ ಕೊಟ್ಟರು. ಒಬ್ಬರು ತೆರೆಯಲಿಲ್ಲ. ನಾಳೆ ತೆರೆಯುತ್ತಾರೆ.

ನನ್ನ ಹೆಸರಿಗೆ ಕಾಲಿದೆ, ಠಾಣೆಗೆ ತಾನೇ ನಡೆದು ಹೋಗುತ್ತದೆ. ನೀನು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟರೆ ನಾನು ಏನೋ ಮಾಡಿದ್ದೇನೆ ಅಂತಲೇ ಅರ್ಥ.

ಇದೇ 26ಕ್ಕೆ ನಾನು ಯಾದಗಿರಿಯ ಸೈಬರ್ ಠಾಣೆಗೆ ಹೋಗುತ್ತಿದ್ದೇನೆ. ಸುರಪುರದಿಂದ ಬೆಳಿಗ್ಗೆ ಹೊರಡುವ ಯಾದಗಿರಿ ಬಸ್ಸು ಹತ್ತು. ನಾನು ಶಹಾಪುರ ಸ್ಟ್ಯಾಂಡಿನಲ್ಲಿ ಹತ್ತುತ್ತೇನೆ. ಮಾತಾಡಬೇಕೆಂದಿಲ್ಲ, ಪಕ್ಕದಲ್ಲಿ ಕೂರಬೇಕೆಂದೂ ಇಲ್ಲ. ಬ್ಯಾಂಕಿನ ಪಾಸ್‌ಬುಕ್, ಆಧಾರ್, ಆ ಮೆಸೇಜು ಇರುವ ಫೋನು ತಾ. ನೀನು ಬಸ್ಸಿನಲ್ಲಿ ಇಲ್ಲದಿದ್ದರೆ ನಾನೊಬ್ಬಳೇ ಹೋಗಿ ಬರೆಸುತ್ತೇನೆ, ಅವರು ಬರೆದುಕೊಳ್ಳದಿದ್ದರೆ ಬರೆದುಕೊಳ್ಳುವ ತನಕ ಕೂರುತ್ತೇನೆ.

ಯೂನಿಫಾರಂ ಮಾತಿಗೆ ಉತ್ತರ: ಒಂದು ತಿಂಗಳು ಮೊದಲೇ ನಾನು ನಿನಗೆ ಹೇಳಿದ್ದೆ. "ಹೋಗು, ನೀ ಇಲ್ಲಂದ್ರ ಅಂಗಡಿ ಮುಚ್ಚೂದಿಲ್ಲ" ಅಂದವಳು ನೀನು.

ಗೌಹರ

*

ಶಹಾಪುರ
29 ಡಿಸೆಂಬರ್ 2024

ಮೌನಾ,

ಬಸ್ಸಿನಲ್ಲಿ ಹೇಳಲು ಆಗಲಿಲ್ಲ, ಬರೆಯುತ್ತೇನೆ.

ಶಹಾಪುರ ಸ್ಟ್ಯಾಂಡಿನಲ್ಲಿ ನಾನು ಹತ್ತಿದಾಗ ಬಸ್ಸು ತುಂಬಿತ್ತು. ನೀನು ಇದ್ದೀಯೋ ಇಲ್ಲವೋ ಕಾಣಲಿಲ್ಲ. ಜನರನ್ನು ಸರಿಸಿಕೊಂಡು ಹಿಂದೆ ಬಂದರೆ ನೀನು ಕಿಟಕಿಗೆ ಮುಖ ಮಾಡಿ ಕುಳಿತಿದ್ದೆ. ಪಕ್ಕದ ಸೀಟಿನ ಮೇಲೆ ನಿನ್ನ ಚೀಲ. ಯಾರೋ ಗಂಡಸು ಅದನ್ನು ತೆಗೆಯಿರಿ ಅಂತ ಜಗಳಕ್ಕೆ ನಿಂತಿದ್ದ. "ಜಾಗಾ ಹಿಡದೀನಿ, ಶಹಾಪುರದಾಗ ನಮ್ಮವರು ಹತ್ತೋರು ಇದ್ದಾರ" ಅಂತ ನೀನು ಅವನಿಗೆ ಹೇಳುತ್ತಿದ್ದೆ. ನಾನು ಹಿಂದೆ ನಿಂತಿದ್ದು ನಿನಗೆ ಗೊತ್ತಿರಲಿಲ್ಲ. ನೀನು ತಿರುಗಿ ನೋಡಿದೆ, ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ, ಮತ್ತೆ ಕಿಟಕಿಗೆ ಮುಖ ಮಾಡಿದೆ.

ಕಾಲುವೆ ದಾಟಿತು, ಭತ್ತದ ಗದ್ದೆಗಳು ದಾಟಿದವು. ಭೀಮಾ ನದಿಯ ಸೇತುವೆಯೂ ಬಂತು. ಸೇತುವೆಯ ಮೇಲೆ ನೀನು ಅಂದೆ: "ದಪ್ಪ ಆಗೀದಿ."

"ನಿನಗ ಚಸ್ಮಾ ಬಂದಾದ" ಅಂದೆ ನಾನು.

ಒಂಬತ್ತು ವರ್ಷದ ಮೇಲೆ ಇದೇನು ಮಾತು ಅಂತ ಆಮೇಲೆ ನೆನೆದು ಒಬ್ಬಳೇ ನಕ್ಕೆ.

ಆದರೆ ನಾನು ಬರೆಯಬೇಕೆಂದದ್ದು ಠಾಣೆಯ ಮಾತು. ಆ ಮಹಿಳಾ ಪೊಲೀಸು ಒಳ್ಳೆಯವಳು, ನಿಧಾನವಾಗಿ ಕೇಳಿ ಕೇಳಿ ಬರೆದುಕೊಂಡಳು. ಅವಳಿಗೆ ಒಂದೇ ಒಂದು ವಿಷಯ ತಲೆಗೆ ಹೋಗಲಿಲ್ಲ.

"ಅಕ್ಕಾರ, ಹಾಕೋಕಿಂತ ಮೊದ್ಲ ಒಂದು ಫೋನ್ ಮಾಡಿ ಕೇಳಬೇಕಿತ್ತಿಲ್ರಿ?" ಅಂದಳು.

"ಮಾತು ಬಿಟ್ಟಿದ್ವಿ" ಅಂದೆ ನೀನು.

"ಮಾತು ಬಿಟ್ಟವರಿಗಿ ಯಾರರ ಇಷ್ಟು ದುಡ್ಡು ಹಾಕ್ತಾರೇನ್ರಿ?"

ನೀನು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಪೆನ್ನು ನೋಡುತ್ತ ಹೇಳಿದೆ: "ಗೌಹರ ಯಾರಿಗೂ ಕೈ ಚಾಚಿದಾಕಿ ಅಲ್ರಿ. ಗಂಡಗ ಮೂರು ತಿಂಗಳು ಕೆಲಸ ಇರದಾಗ ಉಪಾಸ ಇದ್ದಾಳ, ಕೇಳಿಲ್ಲ. ಅಂಥಾಕಿ ನನ್ನ ಕೇಳ್ಯಾಳಂದ್ರ ಜೀವಕ್ಕ ಬಂದದ ಅಂತ ತಿಳ್ಕೊಂಡೆ. ಫೋನ್ ಮಾಡಿದ್ರ ನನ್ನ ದನಿ ಕೇಳಿ ಬ್ಯಾಡ ಅಂತಿದ್ಲು. ಅದಕ್ಕ ಮಾಡಲಿಲ್ಲ."

ಆ ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಯಾವ ತಿಂಗಳು ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಉಪವಾಸದ ಮಾತು ನಿನಗೆ ಹೇಗೆ ಗೊತ್ತು? ನಾನು ನಿನಗೆ ಎಂದೂ ಹೇಳಿರಲಿಲ್ಲ.

ಕೊನೆಗೆ ಅವಳು, "ಗೌಹರಬೇಗಂ ಅವರು ನಿಮಗ ಏನಾಗಬೇಕು?" ಅಂದಳು. ನೀನು ತಡಮಾಡಲಿಲ್ಲ. "ಗೆಳತಿ, ಬರಕೊಳ್ರಿ" ಅಂದೆ. ಅವಳು ಓದಿ ಹೇಳಿದಳು: ದೂರುದಾರರ ಗೆಳತಿಯ ನಂಬರನ್ನು ಅಪರಿಚಿತರು ದುರುಪಯೋಗ ಮಾಡಿಕೊಂಡು. ಠಾಣೆಯ ಕಾಗದದಲ್ಲಿ ನನ್ನ ಹೆಸರು ಬಂದೇ ಬಂತು. ಹೇಗೆ ಬಂತು ನೋಡಿದೆಯಲ್ಲ.

ದುಡ್ಡು ಬರುತ್ತದೋ ಇಲ್ಲವೋ ಗೊತ್ತಿಲ್ಲ. ತಡವಾಗಿದೆ, ಆದರೂ ನೋಡುತ್ತೇವೆ ಅಂದಿದ್ದಾಳೆ. ನನಗಂತೂ ಆ ದಿನ ವಾಪಸ್ ಬರುವಾಗ ಶಹಾಪುರ ಬೇಗ ಬಂದುಬಿಟ್ಟಿತು.

ಗೌಹರ

*

ರಂಗಂಪೇಟೆ, ಸುರಪುರ
17 ಜನವರಿ 2025

ಗೌಹರ,

ಠಾಣೆಯಲ್ಲಿ ಹೇಳಿದ್ದು ಪೊಲೀಸರಿಗೆ. ನೀನು ಕೇಳಿಸಿಕೊಳ್ಳಬಾರದಿತ್ತು.

ಉಪವಾಸದ ಮಾತು ಗೊತ್ತಾಗದೆ ಏನು? ಒಂದೇ ಕೋಣೆಯಲ್ಲಿ ಕುಳಿತು ಹೊಲಿಯುತ್ತಿದ್ದೆವು. ನೀನು ಮಧ್ಯಾಹ್ನ "ಮನಿಗಿ ಹೋಗಿ ಉಂಡು ಬರ್ತೀನಿ" ಅಂತ ಹೋಗಿ, ಬಾವಿಕಟ್ಟೆಯ ಹತ್ತಿರ ಕುಳಿತು ಬರುತ್ತಿದ್ದೆ. ನಾನು ಹಿಂದೆ ಬಂದು ನೋಡಿದ್ದೆ. ಆಮೇಲೆ ನಾನು ರೊಟ್ಟಿ ಹೆಚ್ಚಾಗಿದೆ, ನಾಯಿಗೆ ಹಾಕಬೇಕು ಅಂತ ದಿನಾ ತರುತ್ತಿದ್ದೆನಲ್ಲ, ನಮ್ಮ ಮನೆಯಲ್ಲಿ ಎಂದಾದರೂ ನಾಯಿ ಇತ್ತೇ?

ಹೋಗಲಿ ಬಿಡು.

ಮಷಿನ್ ಇಲ್ಲದಿದ್ದರೂ ಕೆಲಸ ನಿಂತಿಲ್ಲ. ಬಳೆ ಅಂಗಡಿಯವನ ಹೆಂಡತಿ ಮೊನ್ನೆ ಬಂದಿದ್ದಳು, ಬಟ್ಟೆ ಹಿಡಿದುಕೊಂಡು. "ಅವರ ಮಾತು ಅವರದು, ನನ್ನ ಜಂಪರ್ ನೀವ ಹೊಲೀಬೇಕು" ಅಂದಳು. ಹೊಲಿದುಕೊಟ್ಟೆ. ಠಾಣೆಗೆ ಹೋಗಿ ಬಂದದ್ದನ್ನು ನಾನೇ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಮೊದಲು ನಾಗಲಕ್ಷ್ಮಿಗೆ ನಾಚಿಕೆಯಾಗುತ್ತಿತ್ತು. ಈಗ ನಾನು ಮರೆತ ಮಾತನ್ನು ಅವಳೇ ಸೇರಿಸುತ್ತಾಳೆ. ಯಾರಾದರೂ ನಿನ್ನ ಬಗ್ಗೆ ಸುಮ್ಮನೆ ಏನಾದರೂ ಅಂದರೆ, "ಆಕಿನ ನಮ್ಮ ಅವ್ವನ್ನ ಠಾಣಿಗಿ ಕರಕೊಂಡು ಹೋದಾಕಿ" ಅನ್ನುತ್ತಾಳೆ.

ಮೌನಮ್ಮ

*

ಶಹಾಪುರ
9 ಮಾರ್ಚ್ 2025

ಮೌನಾ,

ರಂಜಾನ್ ಉಪವಾಸದ ರೋಜಾ ನಡೆದಿವೆ, ಹಬ್ಬದ ಬಟ್ಟೆಗಳ ರಾಶಿ ಬಿದ್ದಿದೆ. ಆದರೂ ಇದನ್ನು ಇವತ್ತೇ ಬರೆಯಬೇಕು.

ನಿನ್ನೆ ಮಧ್ಯಾಹ್ನ ನಮ್ಮ ಹಿಂದಿನ ಓಣಿಯ ಅನ್ವರಬಿ ಕಾಲಲ್ಲಿ ಚಪ್ಪಲಿಯಿಲ್ಲದೆ ಅಂಗಡಿಗೆ ಓಡಿ ಬಂದಳು. ಕೈಯಲ್ಲಿ ಫೋನು, ಫೋನಿನಲ್ಲಿ ಇನ್ನೂ ಒಬ್ಬ ಮಾತಾಡುತ್ತಲೇ ಇದ್ದ. ಬ್ಯಾಂಕಿನವನಂತೆ. ಇವತ್ತೇ ಕಾಗದಪತ್ರ ಸರಿ ಮಾಡಿಸದಿದ್ದರೆ ಖಾತೆ ಬಂದ್ ಆಗುತ್ತದಂತೆ, ಫೋನಿಗೆ ಬಂದ ನಂಬರು ಹೇಳಬೇಕಂತೆ. ಅವಳ ಗಂಡ ಸೌದಿಯಿಂದ ಕಳಿಸುವುದೆಲ್ಲ ಆ ಖಾತೆಗೇ ಬರುವುದು. ನಂಬರು ಹೇಳಲು ಬಾಯಿ ತೆರೆದವಳಿಗೆ, ತಡೆ, ಗೌಹರ ಆಪಾಗೆ ಒಂದು ಮಾತು ಕೇಳುತ್ತೇನೆ ಅನ್ನಿಸಿತಂತೆ. "ಆಪಾ, ನೀವು ಠಾಣಿಗಿ ಹೋದವರು. ಇದು ಖರೇನೋ ಸುಳ್ಳೋ ನೋಡ್ರಿ" ಅಂದಳು.

ಫೋನ್ ನಾನು ಇಸಿದುಕೊಂಡೆ. ಆ ಮನುಷ್ಯ ಹಿಂದಿಯಲ್ಲಿ ಗದರಿಸುತ್ತಿದ್ದ, ನೀವು ಯಾರು, ಯಾಕೆ ನಡುವೆ ಬರುತ್ತೀರಿ ಅಂತ. ಮೌನಾ, ನಾಲ್ಕು ತಿಂಗಳಿನಿಂದ ಎದೆಯಲ್ಲಿ ಕೂತಿದ್ದದ್ದು ಆಗ ಬಾಯಿಗೆ ಬಂತು. "ಮೇರಾ ನಾಮ್ ಗೌಹರಬೇಗಂ. ಲಿಖ್ ಲೇ" ಅಂದೆ. ನನ್ನ ಹೆಸರು ಗೌಹರಬೇಗಂ, ಬರೆದುಕೋ. ಇನ್ನೊಂದು ಸಲ ಹೇಳಿದೆ, ಊರು ಶಹಾಪುರ ಅಂತಲೂ ಹೇಳಿದೆ. ಒಂದು ಸಲ ನನ್ನ ಹೆಸರನ್ನು ಕೇಳದೆ ಒಯ್ದವರು ಇವರು ಅಥವಾ ಇವರಂಥವರೇ. ಈ ಸಲ ನಾನೇ ಹೇಳಿ ಕೊಟ್ಟೆ. ಅವನು ಫೋನ್ ಇಟ್ಟುಬಿಟ್ಟ.

ನೋಡಿದರೆ ಅನ್ವರಬಿ ಗಾಬರಿಯಲ್ಲಿ ಮೊದಲೇ ಒಂದು ನಂಬರು ಹೇಳಿದ್ದಳು, ಸ್ವಲ್ಪ ಹೋಗಿಯೂ ಬಿಟ್ಟಿತ್ತು. ಅಲ್ಲೇ ಮಷಿನ್ನಿನ ಮೇಲೆ ಫೋನ್ ಇಟ್ಟು 1930ಕ್ಕೆ ಮಾಡಿದೆವು. ಕೂಡಲೇ ಮಾಡಿದ್ದಕ್ಕೆ ಆ ದುಡ್ಡು ಮುಂದೆ ಹೋಗದಂತೆ ತಡೆದರು. ಸಂಜೆ ಅವಳು ಖಜೂರ ತಂದು ಕೊಟ್ಟಳು. ಅದರಿಂದಲೇ ರೋಜಾ ಬಿಟ್ಟೆ.

ಹೋದ ನವೆಂಬರಿನಲ್ಲಿ ಬಾಗಿಲು ತೆರೆಯದೇ ಇದ್ದ ಆ ಒಬ್ಬರೂ ಹಬ್ಬಕ್ಕೆ ಮಕ್ಕಳ ಬಟ್ಟೆ ತಂದುಕೊಟ್ಟಿದ್ದಾರೆ. ನಾನು ಅಳತೆಯಷ್ಟೇ ತೆಗೆದುಕೊಂಡೆ.

ಯಾದಗಿರಿಯಿಂದ ನಿನಗೆ ಸುದ್ದಿ ಬಂದಿರಬೇಕು. ಕಳ್ಳರ ಒಂದು ಖಾತೆಯಲ್ಲಿ ನಿನ್ನ ದುಡ್ಡಿನ ಒಂದು ಪಾಲು ಸಿಕ್ಕಿದೆಯಂತೆ, ಕೋರ್ಟಿನ ಆರ್ಡರ್ ಆದ ಮೇಲೆ ನಿನಗೆ ಬರುತ್ತದಂತೆ. ಉಳಿದದ್ದರ ಮಾತನ್ನು ನಾನು ಎತ್ತುವುದಿಲ್ಲ. ಎತ್ತಿದರೆ ರೊಟ್ಟಿ ಕಟ್ಟಿ ಕಳಿಸುತ್ತೀಯ.

ಹಬ್ಬದ ದಿನ ಎಲ್ಲರೂ ಬರಬೇಕು. ಭೀಮು ಅಣ್ಣನಿಗೂ ಹೇಳು. ಇದನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಗೌಹರ

*

ರಂಗಂಪೇಟೆ, ಸುರಪುರ
22 ಜೂನ್ 2025

ಗೌಹರ,

ಹಬ್ಬಕ್ಕೆ ನಿನ್ನ ಮನೆಯಲ್ಲಿ ಕುಡಿದ ಶೀರ್‌ಖುರ್ಮಾದ ಮಾತನ್ನು ಇವರು ಇನ್ನೂ ಬಿಟ್ಟಿಲ್ಲ. ಇಲ್ಲಿ ಮಳೆ ಒಂದೆರಡು ಸಲ ಆಗಿದೆ. ದುಡ್ಡಿನ ಆ ಪಾಲು ಬಂತು. ನಿನ್ನೆ ಕೆಂಭಾವಿಯಲ್ಲಿ ಆದದ್ದನ್ನು ನಿನಗೆ ಹೇಳದೆ ಇರಲಾಗದು.

ಅಲ್ಲಿ ಸ್ತ್ರೀಶಕ್ತಿ ಸಂಘಗಳ ಹೆಂಗಸರ ಸಭೆ ಇತ್ತು. ಫೋನಿನ ಮೋಸದ ಬಗ್ಗೆ ನಿಮಗಾದದ್ದನ್ನು ಹೇಳಿ ಅಂತ ನನ್ನನ್ನೂ ಕರೆದಿದ್ದರು. ಸಂತೆಯ ದಿನ, ಶಾಲೆಯ ಪಡಸಾಲೆಯಲ್ಲಿ ಹೆಂಗಸರು ತುಂಬಿ ಹೊರಗೂ ನಿಂತಿದ್ದರು. ಸಭೆ ನಡೆಸುವವರು ನನ್ನನ್ನು ತೋರಿಸಿ, "ಇವರು ಮೋಸ ಹೋದ ಒಬ್ಬ ಹೆಣ್ಣುಮಗಳು" ಅಂದರು. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಹೆಂಗಸರೆಲ್ಲ ಸತ್ತವರ ಮನೆಗೆ ಬಂದವರ ಹಾಗೆ ನನ್ನನ್ನು ನೋಡಿದರು. ನನಗೆ ಅದು ಸೇರಲಿಲ್ಲ.

ಎದ್ದು ನಿಂತೆ. "ನನ್ನ ಹೆಸರು ಮೌನಮ್ಮ. ಸುರಪುರದಾಗ ಹೊಲೀತೀನಿ. ಕಳ್ಳರು ನನ್ನ ದುಡ್ಡು ಹೊಡಕೊಂಡು ಹೋಗ್ಯಾರ. ಹಂಗಂತ ತಲಿ ತಗ್ಗಿಸೋದು ನಾ ಅಲ್ಲ, ಕದ್ದವರು" ಅಂದೆ. ಆಮೇಲೆ ಎಲ್ಲ ಹೇಳಿದೆ. ನಿನಗೆ ಮದುವೆ ಕಾರ್ಡು ಬಂದದ್ದು, ನಿನ್ನ ಹೆಸರಿನಲ್ಲಿ ಮೆಸೇಜು ಬಂದದ್ದು, ನಾನು ಹಾಕಿದ್ದು, ನಿನ್ನ ಹೆಸರು ಬರುತ್ತದೆಂದು ದೂರು ಕೊಡದೆ ಕುಳಿತದ್ದು, ಅದಕ್ಕೇ ತಡವಾದದ್ದು. ಹಾಗೆ ಕೂರಬೇಡಿ, ಗೊತ್ತಾದ ಕೂಡಲೇ ಫೋನ್ ಮಾಡಿ, ಗುರುತಿನವರ ಹೆಸರು ಬಂದರೂ ಮಾಡಿ, ಅವರನ್ನೂ ಕರೆದುಕೊಂಡೇ ಹೋಗಿ ಅಂದೆ.

ಮುಂದೆ ಕುಳಿತಿದ್ದ ಒಬ್ಬರು ವಯಸ್ಸಾದವರು, ಮಲ್ಲಾಬಾಯಿ ಅಂತ, ಎಮ್ಮೆ ಸಾಕಿಕೊಂಡಿದ್ದಾರೆ. ಕೈಯೆತ್ತಿ ಕೇಳಿದರು: "ನಾಳಿ ಆಕಿ ಹೆಸರಿಲೆ ಮತ್ತ ಹಂಗ ಬಂದ್ರ, ಹಾಕ್ತೀಯೇನ ಮಗಳ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ.

"ಕೊಡ್ತೀನವ್ವ. ಫೋನಿನಾಗ ಅಲ್ಲ. ಶಹಾಪುರ ಏನು ಭಾಳ ದೂರ ಇಲ್ಲ. ಬಸ್ ಹತ್ತಿ ಹೋಗಿ, ಆಕಿ ಮುಖಾ ನೋಡಿ, ಕೈಯಾಗ ಇಟ್ಟು ಬರ್ತೀನಿ."

ನಗು ನಿಂತಿತು. ಮಲ್ಲಾಬಾಯಿ ಕೋಲು ಊರಿ ಎದ್ದರು.

"ನಂದೂ ಹೋಗ್ಯಾದ" ಅಂದರು. "ಎಮ್ಮಿ ಮಾರಿದ ರೊಕ್ಕ. ಇನಾಮು ಬಂದದ ಅಂತ ಫೋನ್ ಬಂತು. ಬ್ಯಾಸಗಿ ಮೊದಲ. ಮಗಗ ಹೇಳಿಲ್ಲ. ಸೊಸಿಗೂ ಹೇಳಿಲ್ಲ. ಎಮ್ಮಿ ರೊಕ್ಕ ಎಲ್ಲಿ ಅಂದ್ರ ಇಟ್ಟೀನಿ ಅಂತೀನಿ. ಇವತ್ತು ಎಲ್ಲಾರ ಮುಂದ ಹೇಳಾಕತ್ತೀನಿ."

ಯಾರೂ ಅಯ್ಯೋ ಅನ್ನಲಿಲ್ಲ, ಗೌಹರ. ಹಿಂದಿನ ಸಾಲಿನಲ್ಲಿ ಇನ್ನೊಬ್ಬಳು ಎದ್ದಳು, ಬಾಗಿಲ ಹತ್ತಿರ ಮತ್ತೊಬ್ಬಳು. ಒಬ್ಬಳಿಗೆ ಸಾಲ ಕೊಡುತ್ತೇವೆ ಅಂತ, ಒಬ್ಬಳಿಗೆ ಕರೆಂಟ್ ಕಡಿಯುತ್ತೇವೆ ಅಂತ. ಪಕ್ಕದಲ್ಲಿ ಕುಳಿತ ಅಕ್ಕತಂಗಿಯರಿಗೂ ಗೊತ್ತಿರಲಿಲ್ಲ. ಎಷ್ಟು ಜನ ಮನೆಯಲ್ಲಿ ಬಾಯಿ ಕಟ್ಟಿಕೊಂಡು ಕುಳಿತಿದ್ದಾರೆ ನೋಡು.

ಸಭೆ ಮುಗಿದ ಮೇಲೆ ಮಲ್ಲಾಬಾಯಿ ನನ್ನ ಕೈ ಬಿಡಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ಮಗನನ್ನು ಕರೆಸಿ ಅವನ ಮುಂದೆಯೂ ಹೇಳಿದರು. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. "ಇಷ್ಟು ದಿನ ಒಬ್ಬಾಕೀನ ಹ್ಯಾಂಗ ಹೊತ್ತುಕೊಂಡಿದ್ದಿಯವ್ವ?" ಅಂದ. ಮಳಿಗೆಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಚೀಲ ಝಾಡಿಸಿಕೊಂಡು ನಮ್ಮ ಜೊತೆ ಠಾಣೆಗೆ ಬಂದ.

ತಡವಾಗಿದೆ, ರೊಕ್ಕ ಸಿಗುವುದು ಕಷ್ಟ ಅಂತ ಅಲ್ಲಿ ನೇರವಾಗಿಯೇ ಹೇಳಿದರು. ಮಲ್ಲಾಬಾಯಿ, "ಸಿಗದಿದ್ರ ಬಿಡ್ಲಿ, ಬರಕೊಳ್ರಿ" ಅಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ನಿಂತುಕೊಂಡೇ ತಮ್ಮ ಹೆಸರು, ಗಂಡನ ಹೆಸರು, ಊರು, ಎಮ್ಮೆಯ ಬಣ್ಣ, ಅದು ಹೊತ್ತಿಗೆ ಎಷ್ಟು ಹಾಲು ಕೊಡುತ್ತಿತ್ತು ಎಲ್ಲ ಹೇಳಿದರು. ಎಮ್ಮೆಯ ಬಣ್ಣ ಬೇಕಿಲ್ಲ ಅಂದರೂ ಬಿಡಲಿಲ್ಲ, ಬರೆಸಿದರು. ಸಹಿ ಮಾಡಲು ಬರುವುದಿಲ್ಲ. ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಕಾಗದದ ಮೇಲೆ ಒತ್ತಿ, ಸರಿಯಾಗಿ ಮೂಡಿದೆಯಾ ಅಂತ ಬಾಗಿ ನೋಡಿದರು. ಹೊರಗೆ ಬಂದ ಮೇಲೆ ಆ ಬೆರಳನ್ನು ಒರೆಸಿಕೊಳ್ಳಲಿಲ್ಲ. ಸಂತೆಯ ನಡುವೆ ಮಗನ ಮುಂದೆ ಮುಂದೆ, ಸೆರಗು ತಲೆಯಿಂದ ಜಾರಿದ್ದೂ ಲೆಕ್ಕಿಸದೆ ಹೋಗುತ್ತಿದ್ದರು. ಗುರುತಿನವರು ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರೆ, "ಠಾಣಿಗಿ ಹೋಗಿದ್ದೆ. ಕಳ್ಳನ ಮ್ಯಾಲ ಬರೆಸಿ ಬಂದೀನಿ" ಅಂತ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

ಬಸ್ಸು ಬರುವ ತನಕ ನಾನು ಅಲ್ಲೇ ನಿಂತು ನೋಡಿದೆ.

ಮೌನಮ್ಮ